ಅತ್ತಿಗೆ ಅಳಿಸಿದ ಮೆಟ್ಟಿಲು

ಆ ಮರಗೆಲಸದ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಮೈದುನನೊಬ್ಬನಿಗೆ. ಅವನ ಬಾಯಿಂದ ಜಾರಿದ ಆ ಹೆಸರು ಗರಗಸದವನಿಗೆ, ಪಾಲಿಶ್ ಮಾಡುವವನಿಗೆ, ಕೊನೆಗೆ ಹಲಗೆ ತರುವ ಲಾರಿಯ ಡ್ರೈವರಿಗೂ ಅಂಟಿಕೊಂಡಿತು.

ಗಂಡ ಬಡಗಿ. ಬಾಗಿಲು, ಕಪಾಟು, ಮೆಟ್ಟಿಲು ಅವನ ಕೆಲಸ. ಗಿರಾಕಿಗಳ ಮನೆಗೆ ಹೋಗಿ ಅಳತೆ ತರುವುದು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ಮೈದುನನ ಪಾಲು. ಅವಳ ಪಾಲಿಗೆ ಬಂದದ್ದು ಸರ್ವರ್. ಮೈದುನ ಗುಜರಿಗೆ ಹಾಕಲು ಹೊರಟಿದ್ದ ಹಳೆಯ ಕಂಪ್ಯೂಟರನ್ನು ಅವಳು ಬಾಗಿಲಲ್ಲೇ ತಡೆದು, ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಶೆಡ್ಡಿನ ನಕ್ಷೆಗಳೆಲ್ಲ ಒಂದೇ ಕಡೆ ಇರುವಂತೆ ಮಾಡಿದ್ದಳು. ಮದುವೆಗೆ ಮೊದಲು ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿದವಳು. ಅಲ್ಲಿ ಕಲಿತದ್ದು ಅರ್ಧ, ಇಲ್ಲಿ ಕೆಡಿಸಿ ಕಲಿತದ್ದು ಇನ್ನರ್ಧ.

ಒಂದು ಬೆಳಿಗ್ಗೆ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಅತ್ತಿಗೆ, ನಿಮ್ಮ ಸರ್ವರ್ ತುಂಬು ಗಬ್ಬದ ಎಮ್ಮೆ ಥರ ಏದುಸಿರು ಬಿಡ್ತಿದೆ. ಒಂದು ನಕ್ಷೆ ತೆಗೆಯೋಷ್ಟರಲ್ಲಿ ನಿದ್ದೆ ಬರುತ್ತೆ.”

ಮರದ ಶೆಡ್ಡಿನಲ್ಲಿ ಯಂತ್ರ ಕೆಟ್ಟರೆ ಮೊದಲ ಅನುಮಾನ ಹೊಟ್ಟಿನ ಮೇಲೆ. ಅವಳು ಪೆಟ್ಟಿಗೆ ಬಿಚ್ಚಿದಳು. ಫ್ಯಾನಿನ ಹಿಂದೆ ಮರದ ಹೊಟ್ಟು ಗುಬ್ಬಚ್ಚಿ ಗೂಡಿನ ಹಾಗೆ ಕೂತಿತ್ತು. ಬ್ರಷ್ಷಿನಿಂದ ಕೆದಕಿ ತೆಗೆದಳು. “ಸರಿಹೋಯ್ತಲ್ಲ, ಬಿಡು” ಎಂದು ಗಂಡ ಗರಗಸದ ಕಡೆ ತಿರುಗಿದ. ಆದರೆ ಮತ್ತೆ ಚಾಲೂ ಮಾಡುತ್ತಲೇ ಫ್ಯಾನು ಮೊದಲಿನ ಹಾಗೆಯೇ ಅರಚತೊಡಗಿತು. ಹಾಗಾದರೆ ರೋಗ ಮೈಯದಲ್ಲ, ಹೊಟ್ಟೆಯದು.

ಸ್ಟೂಲು ಎಳೆದುಕೊಂಡು ಕೂತು, ಒಳಗೆ ಯಾವ ಯಾವ ಪ್ರೋಗ್ರಾಂ ನಡೆಯುತ್ತಿದೆ ಎಂದು ನೋಡಿದಳು. ಹೆಸರೇ ಕೇಳದ ಒಂದು ಪ್ರೋಗ್ರಾಂ ಯಂತ್ರದ ಶಕ್ತಿಯನ್ನೆಲ್ಲ ಹೀರುತ್ತಿತ್ತು. ಅದನ್ನು ನಿಲ್ಲಿಸಿದಳು, ಅಳಿಸಿದಳು. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದು ಮತ್ತೆ ಎದ್ದು ಕೂತಿತ್ತು. ಅವಳು ತಕ್ಷಣ ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತಳು.

ಯಾರು, ಎಲ್ಲಿಂದ ಬಂದರು ಎಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಹೊರಗಿನ ಯಾರೋ ಪಾಸ್‌ವರ್ಡನ್ನು ಊಹಿಸುತ್ತಾ ಊಹಿಸುತ್ತಾ, ಕೊನೆಗೆ ಮೈದುನನ ಹೆಸರಿನಲ್ಲೇ ಒಳಗೆ ಬಂದಿದ್ದರು.

“ಹೊರಗಿಂದ ಸರ್ವರಿಗೆ ದಾರಿ ಬಿಟ್ಟೋರು ಯಾರು?” ಎಂದು ಕೇಳಿದಳು.

ಮೈದುನ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡ. “ನಾನೇ. ಗಿರಾಕಿ ಮನೇಲಿ ಕೂತು ನಕ್ಷೆ ತೋರಿಸೋಕೆ ಅನುಕೂಲ ಅಂತ ರೂಟರಲ್ಲಿ ಒಂದು ದಾರಿ ತೆಗೆದೆ. ನಿಮಗೆ ಹೇಳಿದ್ರೆ ಬೈತೀರ ಅಂತ ಹೇಳ್ಲಿಲ್ಲ.”

“ಪಾಸ್‌ವರ್ಡ್?”

“ಮೆಟ್ಟಿಲು, ಆಮೇಲೆ ಒಂದು ಎರಡು ಮೂರು.”

ಗಂಡ ದೂರದಿಂದಲೇ ನಕ್ಕ. ಅವಳಿಗೆ ನಗು ಬರಲಿಲ್ಲ.

“ಈಗೇನು, ಅದು ಎಲ್ಲಿ ಅಡಗಿದೆ ಅಂತ ಹುಡುಕಿ ತೆಗೆದ್ರಾಯ್ತಲ್ಲ” ಎಂದ ಮೈದುನ.

“ಕಳ್ಳ ಮನೆ ತುಂಬ ಓಡಾಡಿದಾನೆ. ಎಷ್ಟು ಕೀಲಿ ನಕಲು ಮಾಡ್ಕೊಂಡಿದಾನೋ ಯಾರಿಗೆ ಗೊತ್ತು? ಎಲ್ಲ ಅಳಿಸಿ ಹೊಸದಾಗಿ ಹಾಕೋದೇ. ನಕ್ಷೆಗಳದ್ದು ನನ್ನ ಹತ್ರ ಪ್ರತಿ ಇದೆ.”

ಇತ್ತು. ಹೊದಿಕೆಗಳ ಕಪಾಟಿನಲ್ಲಿ, ಯಾವ ತಂತಿಗೂ ಸಿಕ್ಕಿಸದ ಒಂದು ಡಿಸ್ಕು. ಪ್ರತಿ ವಾರ ಅದನ್ನು ತಂದು, ನಕ್ಷೆಗಳ ಪ್ರತಿ ತೆಗೆದು, ಮತ್ತೆ ಅಲ್ಲಿಯೇ ಇಡುತ್ತಿದ್ದಳು. ಆ ಧೈರ್ಯ ಮತ್ತು ಸ್ವಲ್ಪ ಸಿಟ್ಟು ಎರಡೂ ಸೇರಿ ಅವಳ ಕೈ ಸರಸರನೆ ನಡೆಯಿತು. ಮಧ್ಯಾಹ್ನದೊಳಗೆ ಹಳೆಯದೆಲ್ಲ ಅಳಿದು ಹೊಸ ಲಿನಕ್ಸ್ ಕೂತಿತ್ತು. ನಕ್ಷೆಗಳನ್ನು ಒಂದೊಂದಾಗಿ ವಾಪಸ್ ತಂದಳು. ಬಾಗಿಲುಗಳು ಬಂದವು, ಕಪಾಟುಗಳು ಬಂದವು.

“ಗ್ರಂಥಾಲಯದ ಸುತ್ತು ಮೆಟ್ಟಿಲೆಲ್ಲಿ?” ಎಂದ ಮೈದುನ.

ಅದು ಆ ಹೊತ್ತಿಗೆ ಶೆಡ್ಡಿನಲ್ಲಿ ನಡೆಯುತ್ತಿದ್ದ ದೊಡ್ಡ ಕೆಲಸ. ಮೈದುನ ಅದಕ್ಕೆಂದು ಹೊಸ ಫೋಲ್ಡರನ್ನು ಬೇರೆ ಕಡೆ ತೆರೆದಿದ್ದ. ಅವಳ ವಾರದ ಪ್ರತಿಯಲ್ಲಿ ಹಳೆಯ ಫೋಲ್ಡರಿನ ನಕ್ಷೆಗಳು ಮಾತ್ರ ಸೇರುತ್ತಿದ್ದವು. ಅಳಿಸುವ ಮುಂಚೆ ಒಮ್ಮೆ ಡಿಸ್ಕನ್ನು ತೆರೆದು ನೋಡಿದ್ದರೆ ತಿಳಿಯುತ್ತಿತ್ತು. ಅವಳು ನೋಡಿರಲಿಲ್ಲ.

“ಹೋಯ್ತು,” ಎಂದಳು. “ನಾನೇ ಅಳಿಸಿದೆ.”

ಅವಳು ಸ್ಟೂಲಿನಿಂದ ಏಳಲಿಲ್ಲ. ಗಂಡ ಬಂದು, ಮೈ ಮೇಲಿನ ಹೊಟ್ಟು ಕೊಡವಿ, ಸರ್ವರನ್ನೂ ಅವಳನ್ನೂ ನೋಡಿದ.

“ನಕ್ಷೆ ಹೋದ್ರೇನು, ಮರ ಹೋಗಿಲ್ಲವಲ್ಲ. ಕೊಯ್ದಿರೋ ಹಲಗೆ ಅಲ್ಲೇ ಇದಾವೆ. ಟೇಪು ತಗೊಳ್ಳಿ ಇಬ್ಬರೂ.”

ಮೂವರೂ ಸೇರಿ ಆ ಕೆಲಸವನ್ನು ತಿರುಗುಮುರುಗಾಗಿ ಮಾಡಿದರು. ಗಂಡ ಒಂದೊಂದೇ ಹಲಗೆಯನ್ನು ನೆಲಕ್ಕೆ ಹಾಸಿದ, ಅವಳು ಅಳತೆ ಹಿಡಿದು ಕೂಗಿದಳು, ಮೈದುನ ಬರೆದುಕೊಂಡ. ಇನ್ನೂ ಕೊಯ್ಯದ ಮೇಲಿನ ತಿರುವಿಗೆ ಅವನು ಗ್ರಂಥಾಲಯಕ್ಕೇ ಹೋಗಿ ಮತ್ತೆ ಅಳೆದು ಬರಬೇಕಾಯಿತು. ಅಲ್ಲಿನ ಮೇಲ್ವಿಚಾರಕಿ ತಡವಾಗುತ್ತದೆಂದು ಗೊಣಗಿದರು. ಗೊಣಗುವುದಕ್ಕೆ ಕಾರಣವೂ ಇತ್ತು. ಮೆಟ್ಟಿಲು ಕೂತದ್ದು ಹೇಳಿದ ದಿನ ಕಳೆದು ಬಹಳ ದಿನದ ಮೇಲೆ. ಆದರೆ ಗಟ್ಟಿಯಾಗಿ ಕೂತಿತು.

ಆ ನಡುವೆ ಅವಳು ಸರ್ವರಿನ ದಾರಿಗಳನ್ನೆಲ್ಲ ಮುಚ್ಚಿದಳು. ರೂಟರಿನ ಕಿಂಡಿ ಹೋಯಿತು. ಪಾಸ್‌ವರ್ಡ್ ಹೊಡೆದು ಒಳಗೆ ಬರುವ ಪದ್ಧತಿಯನ್ನೇ ತೆಗೆದು, ಮೈದುನನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವ ಕೀಲಿ ಫೈಲೊಂದನ್ನು ಮಾಡಿಕೊಟ್ಟಳು. ಹೊರಗಿನಿಂದ ನಕ್ಷೆ ತೋರಿಸುವುದಕ್ಕೂ ಭದ್ರವಾದ ದಾರಿ ಹಾಕಿದಳು. ಅವನಿಗೆ ಬೇಕಾದದ್ದರಲ್ಲಿ ತಪ್ಪೇನೂ ಇರಲಿಲ್ಲ, ಕೇಳದೆ ಮಾಡಿದ್ದಷ್ಟೇ ತಪ್ಪು.

“ಇಷ್ಟು ಸುಲಭ ಇತ್ತಾ?” ಎಂದ ಅವನು.

“ಕೇಳಿದ್ರೆ ಸುಲಭ. ಬೈಯೋದಂತೂ ಬೈತಿದ್ದೆ.”

ಪ್ರತಿ ತೆಗೆಯುವುದರ ಜೊತೆಗೆ, ತೆಗೆದದ್ದು ನಿಜಕ್ಕೂ ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡುವುದನ್ನೂ ರೂಢಿ ಮಾಡಿಕೊಂಡಳು. ಫೋಲ್ಡರ್ ಎಲ್ಲಿ ತೆರೆದರೂ ಮೈದುನ ಬಂದು ಹೇಳತೊಡಗಿದ, ಕೆಲವೊಮ್ಮೆ ಬೇಕೆಂದೇ ಊಟದ ನಡುವೆ.

ಈ ಸುದ್ದಿ ಬೀದಿಯಲ್ಲಿ ಹೇಗೋ ಹರಡಿತು. ಪಕ್ಕದ ಔಷಧಿ ಅಂಗಡಿಯವರು ತಮ್ಮ ಸರ್ವರನ್ನೂ ಒಮ್ಮೆ ನೋಡಿ ಎಂದು ಅವಳನ್ನು ಕರೆದರು. ಹೋದಳು. ಅಂಗಡಿ ತುಂಬ ಗಿರಾಕಿಗಳಿದ್ದರು. ಪಾಸ್‌ವರ್ಡ್ ಹೇಗಿಟ್ಟಿದ್ದೀರಿ ಎಂದು ಅವಳು ಮೆಲ್ಲಗೆ ಕೇಳಿದಳು. ಅವರು ಗಲ್ಲಾದ ಹಿಂದಿನಿಂದಲೇ, ಎಲ್ಲರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

“ಸರಿ,” ಎಂದು ಅವಳು ಕುರ್ಚಿ ಎಳೆದುಕೊಂಡಳು, “ಮೊದಲು ಅದನ್ನೇ ಬದಲಾಯಿಸೋಣ.”