ಜಿ ಎಚ್ ಇಲ್ಲದ ನೇಗಿಲು

ಆಗ ವಿಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಜಾಸ್ತಿ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಹೊಸ ಬಡಾವಣೆಯ ಮಣ್ಣಿನ ರಸ್ತೆ ನೇರವಾಗಿ ಬಂದು ನಮ್ಮ ಮಾರೇನಹಳ್ಳಿಯ ರಾಗಿ ಹೊಲದ ಬದುವಿನಲ್ಲಿ ಗಕ್ಕನೆ ನಿಂತುಬಿಡುತ್ತಿತ್ತು. ಆ ಕಡೆ ತಾರಸಿ ಮನೆ, ಕಬ್ಬಿಣದ ಗೇಟು, ಗುಲಾಬಿ ಕುಂಡ. ಈ ಕಡೆ ನಮ್ಮ ಹೆಂಚಿನ ಮನೆ, ಜೋಡೆತ್ತು, ಎಮ್ಮೆಗಳು, ತಿಪ್ಪೆ. ಬೆಳಿಗ್ಗೆ ಆ ಕಡೆಯವರಿಗೆ ಹಾಲು ಹಾಕಿ ಬಂದು, ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಕುಡಿದು ಶಾಲೆಗೆ ಓಡುತ್ತಿದ್ದೆ. ಅವರೆಕಾಯಿ ಕಾಲದಲ್ಲಂತೂ ಎರಡೂ ಕಡೆ ಒಂದೇ ವಾಸನೆ. ಕಾಯಿ ಸುಲಿದ ಸೊಗಡು ಬೆರಳಿಗೆ ಹತ್ತಿ, ಬೆರಳಿನಿಂದ ಪುಸ್ತಕಕ್ಕೆ ಹತ್ತಿ, ನನ್ನ ಇಂಗ್ಲಿಷ್ ಪುಸ್ತಕ ಬೇಸಿಗೆ ಬರುವವರೆಗೂ ಅವರೆಕಾಯಿ ನಾರುತ್ತಿತ್ತು.

ನಮ್ಮದು ಕನ್ನಡ ಶಾಲೆ. ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಅಲ್ಲಿಯವರೆಗೆ ನಮಗೆ ಅಕ್ಷರ ಅಂದರೆ ನಂಬಿಕಸ್ತರು. ಕ ಬರೆದರೆ ಕ ಅನ್ನುತ್ತಿತ್ತು, ಕೊಂಬು ಕೊಟ್ಟರೆ ಕು ಅನ್ನುತ್ತಿತ್ತು. ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಅಕ್ಷರಗಳು ಬಾಯಿಯನ್ನೇ ಬಿಡುವುದಿಲ್ಲ ಎಂದು ಗೊತ್ತಾದಾಗ ನಮಗೆಲ್ಲ ದಿಗಿಲಾಯಿತು. ಚಾಕುವಿಗೆ ಮುಂದೊಂದು ಕೆ ಯಾಕೆ? ಬುಧವಾರದ ನಡುವೆ ಡಿ ಯಾಕೆ? ಉರು ಹೊಡೆಯಲು ನಾವು ಕನ್ನಡದ ದಾರಿ ಹಿಡಿದೆವು. ಕ್ನೈಫ್, ವೆಡ್-ನೆಸ್-ಡೇ, ಬಿಯಾಟಿಫುಲ್ ಅಂತ ರಾಗವಾಗಿ ಕೂಗುತ್ತಿದ್ದೆವು.

ನನ್ನ ಗೆಳತಿ ಸರೋಜ ಇದನ್ನು ಕುಂಟೆಬಿಲ್ಲೆ ಆಟಕ್ಕೂ ಇಳಿಸಿದಳು. ಮನೆ ಗೀರಿ ಒಂದೊಂದು ಚೌಕದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಬರೆಯುವುದು. ಬಾಯಿ ಬಿಡುವ ಅಕ್ಷರದಲ್ಲಿ ಕಾಲಿಡಬೇಕು, ಸುಮ್ಮನಿರುವ ಅಕ್ಷರವನ್ನು ಹಾರಬೇಕು. ಮೂಗ ಅಕ್ಷರ ತುಳಿದರೆ ಔಟು. ಒಂಟಿಕಾಲಲ್ಲಿ ಹಾರಿ ಹಾರಿ ಕಾಲು ಉಳುಕಿಸಿಕೊಂಡು ಕಲಿತ ಸ್ಪೆಲ್ಲಿಂಗು ನಮ್ಮದು.

ಇಂಗ್ಲಿಷ್ ಹೇಳುತ್ತಿದ್ದವರು ನಂಜುಂಡಯ್ಯ ಮೇಷ್ಟ್ರು. ಮಾಗಡಿ ರಸ್ತೆಯ ಸುಂಕದಕಟ್ಟೆಯಿಂದ ಸೈಕಲ್ಲು ತುಳಿದು ಬರುತ್ತಿದ್ದರು. ಕೆಟ್ಟವರಲ್ಲ. ಆದರೆ ಸ್ಪೆಲ್ಲಿಂಗಿನ ವಿಷಯದಲ್ಲಿ ದೇವರ ಪೂಜೆಗೆ ಕುಳಿತವರಷ್ಟು ಮಡಿ. ಒಂದು ಅಕ್ಷರ ಆಚೀಚೆಯಾದರೆ ಇಂಪೋಸಿಷನ್, ಅಂದರೆ ಅದೇ ಪದವನ್ನು ನೂರು ಸಲ ಬರೆದು ತರಬೇಕು.

ನಾನು ಏಳನೇ ಕ್ಲಾಸಿಗೆ ಬಂದ ವರ್ಷ, ರಾಜಾಜಿನಗರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ನನಗೊಂದು ಚಿತ್ರದ ಪುಸ್ತಕ ತಂದುಕೊಟ್ಟ. ಅಮೆರಿಕದ್ದು. ಮೂಲೆ ಹರಿದಿತ್ತು, ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವ ಹಾಗಿತ್ತು. ಅದರಲ್ಲೊಂದು ಪುಟದಲ್ಲಿ ಕೆಂಚು ಗಡ್ಡದ ರೈತ ಎರಡು ಕುದುರೆ ಕಟ್ಟಿಕೊಂಡು ಹೊಲ ಉಳುತ್ತಿದ್ದ. ನಾನು ಅಪ್ಪನಿಗೆ ತೋರಿಸಿದೆ.

"ಕುದ್ರೇಲಿ ಉಳ್ತಾರಾ?" ಅಪ್ಪ ಬೀಡಿ ತೆಗೆದು ನಕ್ಕ. "ಅವ್ರ ಹೊಲ ಓಡೋಯ್ತದೇನೋ ಪಾಪ, ಅದ್ಕೇ ಅವಸ್ರ."

ಚಿತ್ರದ ಕೆಳಗೆ ನೇಗಿಲಿಗೆ ಇಂಗ್ಲಿಷ್ ಪದವಿತ್ತು: ಪಿ ಎಲ್ ಓ ಡಬ್ಲ್ಯು. ಪ್ಲೌ. ಎಷ್ಟು ಚೊಕ್ಕ! ಕೌ ಅನ್ನುವ ಪದಕ್ಕೂ ಅದಕ್ಕೂ ಬಾಲ ಒಂದೇ. ಹಸುವೂ ನೇಗಿಲೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದಂತೆ ನೆನಪಿನಲ್ಲಿ ನಿಂತುಬಿಟ್ಟಿತು.

ಮಾಗಿ ಉಳುಮೆ ನಡೆಯುತ್ತಿದ್ದಾಗ ಮೇಷ್ಟ್ರು ಡಿಕ್ಟೇಷನ್ ಕೊಟ್ಟರು. ಪ್ಲೌ ಅಂದರು. ನಾನು ಎಲ್ಲರಿಗಿಂತ ಮೊದಲು ಬರೆದು ತಲೆಯೆತ್ತಿ ಕುಳಿತೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ನನ್ನ ನೋಟ್‌ಬುಕ್ಕನ್ನು ಇಡೀ ಕ್ಲಾಸಿಗೆ ಹಿಡಿದು ತೋರಿಸಿದರು.

"ನೋಡ್ರೋ, ನೇಗಿಲು ಹೂಡೋ ಮನೆ ಹುಡುಗಿ. ನೇಗಿಲಿನ ಸ್ಪೆಲ್ಲಿಂಗೇ ಬರಲ್ಲ!"

ಎಲ್ಲರೂ ನಕ್ಕರು. ಅವರು ಬೋರ್ಡಿನ ಮೇಲೆ ಬರೆದರು: ಪಿ ಎಲ್ ಓ ಯು ಜಿ ಎಚ್. ಆ ಉದ್ದ ಕಂಡು ಬೆಪ್ಪಾದೆ. ಅದಕ್ಕಿಂತ ಹೆಚ್ಚಾಗಿ ಆ ನಗು ಉರಿಯಿತು.

ಎದ್ದು ನಿಂತೆ. "ಸಾರ್, ಆ ಜಿ ಎಚ್ಚು ಏನ್ ಕೆಲ್ಸ ಮಾಡುತ್ತೆ?"

"ಏನೂ ಇಲ್ಲ. ಅದು ಸೈಲೆಂಟು."

"ಟಫ್ ಅಂತ ಬರೆಯೋವಾಗ ಅದೇ ಜಿ ಎಚ್ಚು ಫ್ ಅನ್ನುತ್ತಲ್ಲ ಸಾರ್? ಇಲ್ಯಾಕೆ ಸುಮ್ನಿದೆ?"

"ಅದು ಇಂಗ್ಲಿಷ್ ಕಣೇ. ಹಾಗೇ."

"ನಮ್ಮನೇಲಿ ದುಡೀದೇ ಇರೋ ಎತ್ತಿಗೆ ಮೇವು ಹಾಕಲ್ಲ ಸಾರ್. ನಾನು ಓದಿರೋ ಪುಸ್ತಕದಲ್ಲಿ ಡಬ್ಲ್ಯು ಒಂದೇ ಇದೆ."

ಪುಸ್ತಕ ತೆಗೆದು ತೋರಿಸಿದೆ. ಅವರು ಹರಿದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಫುಟ್‌ಪಾತಿನ ಪುಸ್ತಕ. ಅಚ್ಚಿನ ತಪ್ಪು" ಅಂದರು. "ನೂರು ಸಲ ಬರ್ಕೊಂಡು ಬಾ. ಅಲ್ಲೀವರೆಗೂ ಕ್ಲಾಸಿಗೆ ಬರ್ಬೇಡ."

ನಾನು ಬರೆಯಲಿಲ್ಲ.

ಮಾರನೆಯ ದಿನ ಹೊರಗೆ ನಿಂತೆ. ಅದರ ಮಾರನೆಯ ದಿನವೂ ನಿಂತೆ. ಶಾಲೆಯ ಮುಂದೆ ಒಂದು ಹೊಂಗೆ ಮರವಿತ್ತು. ಇಂಗ್ಲಿಷ್ ಪೀರಿಯಡ್ಡು ಬಂದ ತಕ್ಷಣ ಎದ್ದು ಅದರ ಕೆಳಗೆ ಹೋಗಿ ನಿಲ್ಲುವುದು ನನ್ನ ಕೆಲಸವಾಯಿತು. ಒಳಗೆ ಪಾಠ ಕೇಳುತ್ತಿತ್ತು. ಹೊರಗಿನಿಂದಲೇ ಸಾಲುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನ ಶಾಲೆಯಲ್ಲಿ ಹಂಚುತ್ತಿದ್ದ ಗೋಧಿ ಉಪ್ಪಿಟ್ಟನ್ನು ಎಲೆಯಲ್ಲಿ ತಂದು ಸರೋಜ ಪಿಸುಗುಟ್ಟುತ್ತಿದ್ದಳು: "ಬರ್ದ್ ಬಿಸಾಕೇ ಚಂದ್ರಿ. ಅರ್ಧ ನಾನು ಬರ್ಕೊಡ್ತೀನಿ. ಅಕ್ಷರ ನಿನ್ ತರಾನೇ ಬರೀತೀನಿ."

"ನೀನು ಬರ್ದ್ರೂ ನಾನು ತಪ್ಪೊಪ್ಪಿಕೊಂಡಂಗೇ ಅಲ್ವೇನೇ" ಅಂದೆ. ಉಪ್ಪಿಟ್ಟು ಮಾತ್ರ ತಿಂದೆ.

ಕೊನೆಗೆ ಮೇಷ್ಟ್ರು ಅವ್ವನಿಗೆ ಹೇಳಿಕಳಿಸಿದರು. ಅವ್ವ ಹಾಲಿನ ಕ್ಯಾನು ಹಿಡಿದುಕೊಂಡೇ ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದು ಹಾಗೇ ಇತ್ತು. ಮೇಷ್ಟ್ರನ್ನು ಕಂಡ ಮೇಲೆ ಗಾಬರಿಯಿಂದ ಇಳಿಬಿಟ್ಟಳು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ನನ್ನ ಓದಿನ ಮೇಲೆ ಅವಳಿಗೆ ಜೀವ. ಅಪ್ಪ, "ಹೆಣ್ಣುಮಗ, ಏಳನೇ ಕ್ಲಾಸು ಮುಗಿದ್ರೆ ಸಾಕು" ಅಂದಾಗಲೆಲ್ಲ ಜಗಳಕ್ಕೆ ನಿಂತು, ಹೈಸ್ಕೂಲಿನವರೆಗೆ ಒಪ್ಪಿಸಿಟ್ಟವಳು ಅವಳೇ.

"ನೋಡಮ್ಮ, ಇವಳು ಬರೆಯಲ್ಲ ಅಂತ ಹಟ ಹಿಡಿದಿದಾಳೆ" ಅಂದರು ಮೇಷ್ಟ್ರು. "ಹೀಗಾದ್ರೆ ನಾನು ಪರೀಕ್ಷೆಗೆ ಕೂರ್ಸಲ್ಲ."

ಪರೀಕ್ಷೆ ಅಂದ ಕೂಡಲೇ ಅವ್ವನ ಮುಖ ಬಿಳಿಚಿತು. ನನ್ನ ಕಡೆ ತಿರುಗಿ ರೆಟ್ಟೆ ಹಿಡಿದಳು. "ಬರ್ದ್ಬುಡೇ ನನ್ ತಾಯಿ. ನಿನ್ ಗಂಟೇನ್ ಓಯ್ತದೆ?"

"ತಪ್ಪೇ ಮಾಡಿಲ್ಲ ಅವ್ವ."

ಬೆನ್ನ ಮೇಲೆ ಒಂದು ಬಿತ್ತು. ಕಿಟಕಿಯಲ್ಲಿ ಇಡೀ ಕ್ಲಾಸು ಇಣುಕುತ್ತಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಬರೀತೀಯೋ ಇಲ್ವೋ?"

"ಇಲ್ಲ."

ಅವ್ವ ರೆಟ್ಟೆ ಬಿಟ್ಟು ಮೇಷ್ಟ್ರ ಕಡೆ ತಿರುಗಿದಳು. "ಸಾಮಿ, ನೀವೇ ಕಂಡ್ರಲ್ಲ. ಇವ್ಳು ನಂಗೂ ಬಗ್ಗಾಕಿಲ್ಲ. ಅಂಗಳ ಗುಡಿಸ್ಸಿ, ನೀರು ಹೊರ್ಸಿ, ಏನಾರ ಮಾಡ್ಸಿ. ಪರೀಕ್ಷೆಗೆ ಮಾತ್ರ ಬ್ಯಾಡ ಅನ್ಬ್ಯಾಡಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಬಿಡಲಿಕ್ಕೂ ಆಗದೆ ಹಿಡಿಯಲಿಕ್ಕೂ ಆಗದೆ ಕೊನೆಗೆ ಅಂದರು: "ಸರಿ. ಡಿಕ್ಷನರೀಲಿ ತೋರ್ಸು. ಸರಿಯಾದ ಡಿಕ್ಷನರಿ. ಇದ್ರೆ ಒಳಗೆ ಬಾ, ಇಲ್ದಿದ್ರೆ ಬಾಯ್ಮುಚ್ಕೊಂಡು ಬರಿ."

ಮಾರೇನಹಳ್ಳಿಯಲ್ಲಿ ಡಿಕ್ಷನರಿ ಯಾರ ಮನೆಯಲ್ಲಿದ್ದೀತು? ನನಗೆ ಹೊಳೆದದ್ದು ಹೊಸ ಬಡಾವಣೆಯ ಅಕ್ಕೋರು. ದಾವಣಗೆರೆ ಕಡೆಯವರು, ಗಂಡ ದೊಡ್ಡ ಸರ್ಕಾರಿ ಅಧಿಕಾರಿ. ಹಣೆಗೆ ವಿಭೂತಿ, ಬಾಯಲ್ಲಿ ಯಾವಾಗಲೂ ನಗು. ಅವರ ಮನೆಗೆ ಹಾಲು ಹಾಕುವಾಗ ಗಾಜಿನ ಬೀರುವಿನಲ್ಲಿ ಇಟ್ಟಿಗೆಯಂಥ ಪುಸ್ತಕ ಕಂಡಿದ್ದೆ. ಮಾರನೆಯ ಬೆಳಿಗ್ಗೆ ಹಾಲು ಅಳೆದು ಕೊಟ್ಟು ಬಾಗಿಲಲ್ಲೇ ನಿಂತೆ.

"ಯಾಕವಾ, ಹಂಗ್ಯಾಕೆ ನಿಂತಿ? ಬಾ ಒಳಗೆ."

ಎಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಪುಸ್ತಕ ಇಳಿಸಿ, ನೆಲದ ಮೇಲಿಟ್ಟು, ನನ್ನ ಪಕ್ಕದಲ್ಲೇ ಕುಳಿತು ಹಾಳೆ ತಿರುವಿದರು. ಬೆರಳು ಕೆಳಗೆ ಜಾರುತ್ತಾ ಜಾರುತ್ತಾ ನಿಂತಿತು.

"ಐತಿ ನೋಡವಾ! ಎರಡೂ ಐತಿ. ಅಮೆರಿಕದಾಗ ಹಿಂಗ ಬರೀತಾರಂತೆ."

ಅಕ್ಷರಗಳು ಇರುವೆಯಷ್ಟು ಸಣ್ಣಗಿದ್ದವು. ಆದರೂ ಇದ್ದವು. ಪಿ ಎಲ್ ಓ ಡಬ್ಲ್ಯು. ನನಗೆ ಕುಣಿಯುವಂತಾಯಿತು. ಅಕ್ಕೋರು ಅಷ್ಟಕ್ಕೇ ಬಿಡದೆ ಬಣ್ಣಕ್ಕೂ ಎರಡು ಸ್ಪೆಲ್ಲಿಂಗಿವೆ, ಸೆಂಟರಿಗೂ ಎರಡಿವೆ ಎಂದು ಹುಡುಕಿ ತೋರಿಸಿದರು. ಎಷ್ಟೋ ವರ್ಷದ ಮೇಲೆ ಆ ಪುಸ್ತಕ ತೆರೆದವರಂತೆ ಅವರಿಗೂ ಖುಷಿಯಾಗಿತ್ತು.

"ತಗೊಂಡು ಹೋಗು. ಸಾಹೇಬ್ರು ಸಂಜಿಕೆ ಬರೋದ್ರೊಳಗೆ ತಂದಿಡು, ಅಷ್ಟೆ."

ಕೈಯಲ್ಲಿ ಹಿಡಿದು ನಡೆಯಲಾಗದಷ್ಟು ಭಾರ. ಟವೆಲಿನಲ್ಲಿ ಸುತ್ತಿ, ಸಿಂಬೆ ಮಾಡಿ, ಬಿಂದಿಗೆ ಹೊರುವ ಹಾಗೆ ತಲೆಯ ಮೇಲಿಟ್ಟುಕೊಂಡು ಹೊರಟೆ. ದಾರಿಯಲ್ಲಿ ಅಪ್ಪ ಹೊಲ ಉಳುತ್ತಿದ್ದ. ಹಸಿ ಮಣ್ಣಿನ ವಾಸನೆ ಎದ್ದಿತ್ತು. ಕೊಕ್ಕರೆಗಳು ಹಿಂದೆ ಹಿಂದೆ ಬರುತ್ತಿದ್ದವು.

"ಏನಮ್ಮಿ ಅದು, ತಲೆ ಮ್ಯಾಲೆ?"

"ನೇಗ್ಲು ಕಣಪ್ಪಾ!" ಅಂದೆ. ಅಪ್ಪ ಎತ್ತು ನಿಲ್ಲಿಸಿ ನೋಡುತ್ತಲೇ ಇದ್ದ.

ಮೇಷ್ಟ್ರು ಮೇಜಿನ ಮೇಲೆ ಪುಸ್ತಕ ಬಿಡಿಸಿ ಬಹಳ ಹೊತ್ತು ಓದಿದರು. ಮೊದಲ ಪುಟದಲ್ಲಿ ಎಲ್ಲಿ ಅಚ್ಚಾದದ್ದು ಎಂದೂ ನೋಡಿದರು.

"ಇದೆ" ಅಂದರು. "ಅಮೆರಿಕದವರು ಹೀಗೆ ಬರೀತಾರೆ. ನಿನ್ನ ಪುಸ್ತಕದ್ದು ಅಚ್ಚಿನ ತಪ್ಪಲ್ಲ. ಕೂತ್ಕೋ. ಆದ್ರೆ ನಾವು ಕಲೀತಿರೋದು ಇಂಗ್ಲೆಂಡಿನ ಇಂಗ್ಲಿಷು. ಪರೀಕ್ಷೇಲಿ ಹೀಗೆ ಬರೆದ್ರೆ ಮಾರ್ಕ್ಸ್ ಕೊಡಲ್ಲ."

"ಎರಡು ದೇಶದೋರು ಅವ್ರವ್ರಿಗೆ ಬೇಕಾದಂಗೆ ಬರ್ಕೋಬಹುದು. ನಾವು ಮಾತ್ರ ಒಬ್ಬರು ಹೇಳ್ದಂಗೇ ಬರೀಬೇಕಾ ಸಾರ್?"

ಅವರು ಡಿಕ್ಷನರಿಯನ್ನು ಟವೆಲಿನಲ್ಲಿ ತಾವೇ ಸುತ್ತಿ ಕೊಟ್ಟರು.

ಅವತ್ತಿನಿಂದ ನಮ್ಮ ಕ್ಲಾಸಿಗೆ ರೆಕ್ಕೆ ಬಂತು. ಯಾರ ಸ್ಪೆಲ್ಲಿಂಗು ತಪ್ಪಿದರೂ, "ಸಾರ್, ಅದು ಅಮೆರಿಕದ್ದು!" ಎಂಬ ಕೂಗು. ಆನೆಗೆ ಎಫ್ ಹಾಕಿದ ಹಿಂದಿನ ಬೆಂಚಿನ ಹುಡುಗನೂ ಅಮೆರಿಕದವನಾದ. ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು. ಒಂದು ದಿನ ಅವರಿಗೂ ನಗು ತಡೆಯಲಾಗಲಿಲ್ಲ.

ವರ್ಷದ ಪರೀಕ್ಷೆಯಲ್ಲಿ ಚಿತ್ರ ನೋಡಿ ಹೆಸರು ಬರೆಯುವ ಪ್ರಶ್ನೆ ಬಂತು. ಅದರಲ್ಲಿ ನೇಗಿಲೂ ಇತ್ತು. ಅವ್ವನ ಮುಖ ನೆನಪಾಯಿತು, ಪಾಸಾಗದಿದ್ದರೆ ಎಂಬ ಭಯವೂ ಬಂತು. ಉದ್ದನೆಯ ಸ್ಪೆಲ್ಲಿಂಗು ನನಗೆ ಬಾಯಿಪಾಠವಾಗಿತ್ತು. ಆದರೂ ನಾಲ್ಕೇ ಅಕ್ಷರ ಬರೆದೆ.

ಫಲಿತಾಂಶದ ದಿನ ಮೇಷ್ಟ್ರು ಕರೆದು ಉತ್ತರ ಪತ್ರಿಕೆ ತೋರಿಸಿದರು. ಪಾಸಾಗಿದ್ದೆ, ಚೆನ್ನಾಗೇ ಆಗಿದ್ದೆ. ನೇಗಿಲಿನ ಮುಂದೆ ಮಾತ್ರ ಕೆಂಪು ಶಾಯಿಯ ಅಡ್ಡಗೀಟು.

"ಗೊತ್ತಿದ್ದೂ ಗೊತ್ತಿದ್ದೂ ಮಾರ್ಕ್ಸ್ ಕಳ್ಕೊಂಡ್ಯಲ್ಲೇ."

"ಹೋಗ್ಲಿ ಬಿಡಿ ಸಾರ್."

ಅವರು ತಲೆಯ ಮೇಲೆ ಮೊಟಕಿದರು. ನೋಯಲಿಲ್ಲ.

ಮುಂದಿನ ವರ್ಷವೇ ನಮ್ಮ ಹೊಲಕ್ಕೂ ಗಡಿಕಲ್ಲು ಬಂತು. ರಸ್ತೆ ಬದುವನ್ನು ದಾಟಿ ಒಳಗೆ ನುಗ್ಗಿತು. ಅಪ್ಪ ಎತ್ತುಗಳನ್ನು ಕೆಂಗೇರಿ ಕಡೆಯವರಿಗೆ ಮಾರಿಬಿಟ್ಟ. ನೇಗಿಲು ಕೊಟ್ಟಿಗೆಯ ಸೂರಿನಲ್ಲಿ ನೇತಾಡಿ ನೇತಾಡಿ, ಕೊಟ್ಟಿಗೆ ಕೆಡವಿದಾಗ ಹಂಡೆ ಒಲೆಗೆ ಹೋಯಿತು. ಆ ವಾರವೆಲ್ಲ ನಾವು ಮಿಂದದ್ದು ಅದರ ಉರಿಯಲ್ಲಿ ಕಾದ ನೀರಿನಲ್ಲಿ. ನಾವೇನೂ ಬಡವರಾಗಲಿಲ್ಲ. ಸೈಟು ಸಿಕ್ಕಿತು, ಮನೆಯೆದ್ದಿತು, ಬಾಡಿಗೆ ಬಂತು. ಹೊಂಗೆ ಮರ ಹೋಯಿತು, ಬೀದಿಯಲ್ಲಿ ಕುಂಟೆಬಿಲ್ಲೆಗೆ ಮನೆ ಗೀರುವಷ್ಟು ಬರಿನೆಲವೂ ಉಳಿಯಲಿಲ್ಲ. ಅಪ್ಪ ಉಳುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ, ಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿದೆ. ಮಕ್ಕಳು ಸಾಲಾಗಿ ಹತ್ತಿಹೋಗುತ್ತಾರೆ, ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು ಇಳಿದುಬರುತ್ತಾರೆ. ಯಾಕೆ ಎಂದು ಕೇಳಿ ಹೊರಗೆ ನಿಂತ ಒಬ್ಬರನ್ನೂ ನಾನು ಕಂಡಿಲ್ಲ.

ನನ್ನ ಮಗಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಈ ಕಥೆ ಹೇಳಿದರೆ, "ಎರಡೂ ಸರಿ ಅಮ್ಮ, ಅಷ್ಟಕ್ಕೆ ಏಟು ತಿಂದ್ಯಾ?" ಎಂದು ನಗುತ್ತಾಳೆ. ಮೊನ್ನೆ ಮಾತಿನ ನಡುವೆ, ಅಪ್ಪ ನೇಗಿಲಿನ ಮೇಳಿ ಹಿಡಿದರೆ ಸಾಲು ದಾರ ಹಿಡಿದಷ್ಟು ನೆಟ್ಟಗಿರುತ್ತಿತ್ತು ಅಂದೆ.

"ಮೇಳಿ ಅಂದ್ರೇನಮ್ಮ? ಇಂಗ್ಲಿಷಲ್ಲಿ ಹೇಳು."

"ಗೊತ್ತಿಲ್ಲ" ಅಂದೆ. "ಗೊತ್ತಿದ್ರೂ ಹೇಳಲ್ಲ. ಇಲ್ಲಿ ಬಾ."

ಅವಳ ಬಲಗೈ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮುಷ್ಟಿ ಬಿಗಿ ಮಾಡಿ, ಗಾಳಿಯಲ್ಲಿ ಕೆಳಕ್ಕೆ ಒತ್ತಿ ತೋರಿಸಿದೆ. ಹೀಗೆ ಹಿಡಿಯುವುದು.