ಗುಂಡುನೆತ್ತಿಯ ಮೇಲೆ ಗೋಪುರ ಕೆಡವುವ ಕಲ್ಲಕ್ಕ

ಬೆಳಗಿನ ಆರು ಗಂಟೆ. ಬೆಟ್ಟದ ನೆತ್ತಿಗೆ ಮಂಜು ಕವಿದಿದೆ. ಯಾರೋ ಅಕ್ಕರೆಯಿಂದ ಒಂದರ ಮೇಲೊಂದು ಒಂಬತ್ತು ಕಲ್ಲು ಪೇರಿಸಿಟ್ಟು ಹೋಗಿದ್ದಾರೆ. ಐವತ್ತೆರಡರ ಹೆಂಗಸೊಬ್ಬರು ಬಂದು ಅದನ್ನು ಒಂದೇ ಏಟಿಗೆ ಒದ್ದು ಕೆಡವುತ್ತಾರೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಕಲ್ಲನ್ನೂ ಅದು ಎದ್ದು ಬಂದ ಗುಳಿಯಲ್ಲೇ ಕೂರಿಸುತ್ತಾರೆ. "ಗುಳಿ ಹಾಗೇ ಬಿಟ್ರೆ ಮಳೆಗೆ ಮಣ್ಣು ಕೊಚ್ಕೊಂಡು ಹೋಗುತ್ತೆ" ಅನ್ನುತ್ತಾರೆ.

ಕೆಳಗಿನ ಪೇಟೆಯವರಿಗೆ ಇವರು ಕಲ್ಲಕ್ಕ. ಪ್ರವಾಸಿಗರು ಕರೆಯುವ ಹೆಸರುಗಳು ಅಚ್ಚಿಗೆ ಲಾಯಕ್ಕಲ್ಲ.

ಚೂಪು ಶಿಖರವಾಗಿದ್ದರೆ ಇವರಿಗೆ ಕೆಲಸವೇ ಇರುತ್ತಿರಲಿಲ್ಲ. ಇದು ಬೋರಲು ಹಾಕಿದ ಬಾಣಲೆಯಂಥ ಬೆಟ್ಟ. ಮಂಜು ಬಂತೆಂದರೆ ಎಲ್ಲ ದಿಕ್ಕಿಗೂ ಒಂದೇ ಇಳಿಜಾರು. ಇಳಿಯುವ ಸರಿದಾರಿ ತೋರಿಸಲು ಇಳಿಜಾರಿನುದ್ದಕ್ಕೂ ನಲವತ್ತೆರಡು ಕಲ್ಲುಗುಡ್ಡೆಗಳಿವೆ, ತುದಿಗೆ ಹಳದಿ ಬಣ್ಣ ಬಳಿದವು. ಅವುಗಳ ನಡುವೆ, ಫೋಟೋಗೆಂದು ಜನ ಕಟ್ಟುವ ಆಟದ ಗೋಪುರಗಳು. ಮಂಜಿನಲ್ಲಿ ಬಣ್ಣ ಎಲ್ಲಿ ಕಾಣಬೇಕು? ಕಲ್ಲಕ್ಕ ದಿನಕ್ಕೆ ಇಪ್ಪತ್ತು ಕೆಡವುತ್ತಾರೆ, ಸೋಮವಾರವಾದರೆ ಅರವತ್ತು.

ನಾನೂ ಮಹಾ ಜಾಣನಂತೆ ಕಂಡ ಒಂದು ಗುಡ್ಡೆಯನ್ನೇ ಗುರುತು ಹಿಡಿದು ಮುಂದೆ ನಡೆಯುತ್ತೇನೆ. "ಅಯ್ಯೋ, ಅತ್ತ ಬೇಡ ಸರ್! ಅದು ಆಟದ್ದು, ನಿಲ್ಲಿ!" ಹತ್ತೇ ಹೆಜ್ಜೆ ಮುಂದೆ ಹುಲ್ಲು ಜಾರಿಕೊಂಡು ಕಣಿವೆಗೆ ಇಳಿದಿದೆ. ನನ್ನ ಜಂಬವೂ ಇಳಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ಇವರ ತಮ್ಮ ಇಂಥದ್ದೇ ಗೋಪುರ ನಂಬಿ ಇಳಿದವನು. ಮೂರನೆಯ ದಿನ ಸಿಕ್ಕಾಗ ಕಾಲು ಮುರಿದಿತ್ತು. ಅದೇ ತಿಂಗಳು ಅಕ್ಕ ಈ ಕೆಲಸ ಕೇಳಿ ಪಡೆದರು. ಬೆಟ್ಟದ ಬುಡದಲ್ಲಿ ಸೈಕಲ್ ರಿಪೇರಿ ಮಾಡುವ ತಮ್ಮ ನಗುತ್ತಾನೆ: "ನನ್ನ ಕಾಲಿನ ದಯೆಯಿಂದ ಕೆಲಸ ಸಿಕ್ತು. ಆದ್ರೂ ನನ್ನ ಚಹಾಕ್ಕೆ ಸಕ್ಕರೆ ಹಾಕೋದ್ರಲ್ಲಿ ಎಂಥಾ ಜಿಪುಣಿ ನೋಡಿ!"

ಈಗ ಆ ಕೆಲಸಕ್ಕೇ ಸಂಚಕಾರ ಬಂದಿದೆ. ಮಕ್ಕಳು ಕಟ್ಟಿದ್ದನ್ನು ಕಲ್ಲಕ್ಕ ಒದೆಯುತ್ತಾರೆಂದು ದೂರು ಹೋಗಿದೆ. ಬೆಟ್ಟದ ಉಸ್ತುವಾರಿ ಕಚೇರಿಯವರು ಇವರನ್ನು ಕೆಳಗಿನ ಟಿಕೆಟ್ ಕಿಟಕಿಗೆ ಹಾಕುವ ಯೋಚನೆಯಲ್ಲಿದ್ದಾರೆ. ತೀರ್ಮಾನ ಶುಕ್ರವಾರ.

"ಕುರ್ಚಿ, ಫ್ಯಾನು, ನೆರಳು. ಸುಖವೇ ಅಲ್ವೇನಕ್ಕಾ?" ಎನ್ನುತ್ತೇನೆ.

"ನಾನಲ್ಲಿ ಕೂತ್ರೆ ಇಲ್ಲಿ ಕೆಡವೋರ್ಯಾರು?" ಒಂದು ಕಲ್ಲನ್ನು ಗುಳಿಗೆ ಒತ್ತುತ್ತಾ ಹೇಳುತ್ತಾರೆ: "ಕಚೇರಿ ಸಾಹೇಬ್ರು ಕೇಳಿದ್ರು, ಇಷ್ಟು ವರ್ಷದಲ್ಲಿ ಎಷ್ಟು ಜನರನ್ನ ಉಳಿಸಿದೀಯಮ್ಮ, ಲೆಕ್ಕ ಕೊಡು ಅಂತ. ಏನಂತ ಕೊಡ್ಲಿ? ದಾರಿ ತಪ್ಪಿದೋರನ್ನ ಎಣಿಸಬಹುದು. ತಪ್ಪದೇ ಇರೋರನ್ನ ಹೇಗೆ ಎಣಿಸೋದು? ಅವರಿಗೇ ಗೊತ್ತಿರಲ್ಲವಲ್ಲ."

ಶುಕ್ರವಾರ ಕಚೇರಿಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದರೆ, ಮುಂದಿನ ಗೋಪುರದತ್ತ ಆಗಲೇ ಹೊರಟಿದ್ದವರು ತಿರುಗಿ ನಿಲ್ಲುತ್ತಾರೆ.

"ಬೈಯೋರು ಬೈಲಿ ಸರ್. ಬೈಕೊಂಡೇ ಇಳಿದು, ರಾತ್ರಿ ಊಟಕ್ಕೆ ಅವರವರ ಮನೇಲಿರಲಿ. ಅಷ್ಟೇ ಹೇಳ್ತೀನಿ."