ಸೂಜಿ ನಿಲ್ಲದ ಶುಕ್ರವಾರ

ಮಾದನಾಯಕನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ವೇಣಿ ಬಳೆ ಬಿಚ್ಚಿಟ್ಟು ಲೇತಿನ ಮುಂದೆ ನಿಂತಿದ್ದಾರೆ. ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಮೂರು ದವಡೆಗಳ ನಡುವೆ ರಾಗಿ ಮಿಲ್ಲಿನ ಶಾಫ್ಟು. ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಓರೆ ತೋರಿಸುವ ಡಯಲಿನ ಸೂಜಿ ಅತ್ತಿತ್ತ ಕುಣಿಯುತ್ತದೆ. ಸಡಿಲಿಸುತ್ತಾರೆ, ಮತ್ತೆ ಬಿಗಿಯುತ್ತಾರೆ. ಸೂಜಿ ಇನ್ನೂ ಕುಣಿಯುತ್ತದೆ.

"ದುಂಡಗಿರೋದನ್ನ ಹಿಡಿಯೋದೇ ಕಷ್ಟ ಸಾರ್. ಜಾಸ್ತಿ ಬಿಗಿದ್ರೆ ಗಾಯ ಆಗುತ್ತೆ, ಕಮ್ಮಿ ಬಿಗಿದ್ರೆ ಹಾರಿ ಎದೆಗೇ ಬರುತ್ತೆ. ಓರೆ ಹಿಡಿದು ಕೊರೆದ್ರೆ ಮುಗೀತು, ಗುಜರಿಗೇ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತು ಕಲಿತವರು ವೇಣಿ. ಅದು ಬಾಗಿಲು ಹಾಕಿದಾಗ ಅಲ್ಲಿನ ಹಳೇ ಯಂತ್ರವನ್ನೇ ಮನೆಗೆ ತಂದರು. ಈಗ ಗಂಡನ ಅಣ್ಣ ಮುನೀಂದ್ರನಿಗೆ ಶೆಡ್ಡಿನ ಮೇಲೆ ಕಣ್ಣು. ಅದನ್ನು ಕೆಡವಿ ಸುತ್ತಲಿನ ಗೋಡೌನುಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಬಾಡಿಗೆ ರೂಮು ಕಟ್ಟಬೇಕಂತೆ. ಜಾಗ ಅತ್ತೆ ಬೈರಮ್ಮನ ಹೆಸರಲ್ಲಿದೆ. ಅವರು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಮಿಲ್ಲಿನ ಚಿಕ್ಕಬೈರಪ್ಪನನ್ನು ಬಿಟ್ಟರೆ ಬೇರೆ ಖಾಯಂ ಗಿರಾಕಿ ಇಲ್ಲ. ಈ ಶಾಫ್ಟು ಕೆಟ್ಟರೆ ಅವರೂ ಹೋದರು, ಶೆಡ್ಡೂ ಹೋಯಿತು. ಪಾಪ, ಹೆಂಗಸು ನಿಂತಲ್ಲಿ ನಿಲ್ಲುತ್ತಿಲ್ಲ.

"ನಿನ್ನೆ ಸರಿಯಾಗೇ ಇತ್ತಲ್ಲ, ಏನು ದೊಡ್ಡರೋಗ ಬಂತು ಇದಕ್ಕೆ!" ಎಂದು ಯಂತ್ರವನ್ನೇ ಬೈಯುತ್ತಾ ವೇಣಿ ಶಾಫ್ಟು ಇಳಿಸಿ, ದವಡೆಗಳ ಒಳಗೆ ಬೆರಳಾಡಿಸುತ್ತಾರೆ. ಬೆರಳು ಕೆಂಪಾಗುತ್ತದೆ. ಅಯ್ಯೋ ಶಿವನೇ, ಕುಂಕುಮ! ಅದರ ಪದರದ ಮೇಲೆ ಕೂತೇ ಶಾಫ್ಟು ಓರೆಯಾಗಿದೆ.

ಶುಕ್ರವಾರ ಯಂತ್ರಕ್ಕೆ ಬೊಟ್ಟಿಡುವುದು ವೇಣಿಯ ಕೆಲಸ. ಮೋಟಾರಿನ ಪೆಟ್ಟಿಗೆಗೆ ಒಂದಿಟ್ಟು ಕೈಮುಗಿಯುತ್ತಾರೆ. ಇವತ್ತು ಸೊಸೆ ಏಳುವ ಮೊದಲೇ ಅತ್ತೆ ಬಂದು ಹೋಗಿದ್ದಾರೆ. ವೇಣಿ ತಡೆಯಲಾರದೆ ಕೂಗಿ ಕೇಳಿದರೆ ಹಿತ್ತಿಲ ಬಾಗಿಲಿಂದಲೇ ಬೈರಮ್ಮನ ಉತ್ತರ ಬರುತ್ತದೆ: "ಕಚ್ಚೋ ಬಾಯಿಗಲ್ದೆ ಇನ್ನೆಲ್ಲಿಗೆ ಇಡ್ಲವ್ವ? ಎಣ್ಣೇಲಿ ಕಲಸಿ ಒಳಕ್ಕೂ ಬಳ್ದೆ, ನಿನ್ ಕೆಲ್ಸ ಕೆಡಬಾರ್ದು ಅಂತ."

ವೇಣಿ ಹಣೆ ಚಚ್ಚಿಕೊಳ್ಳುತ್ತಾರೆ, ಸೀಮೆಎಣ್ಣೆ ಹಾಕಿ ದವಡೆ ಒರೆಸುತ್ತಾರೆ. ಮತ್ತೆ ಶಾಫ್ಟು ಹಿಡಿದಾಗ ಸೂಜಿ ಅಲುಗುವುದಿಲ್ಲ. ಮೋಟಾರು ಹಾಕಿ ಶಾಫ್ಟು ಕೊರೆದು ಮುಗಿಸುತ್ತಾರೆ. ಬಿಸಿಲೇರುವ ಹೊತ್ತಿಗೆ ಚಿಕ್ಕಬೈರಪ್ಪ ಬಂದು ಬೇರಿಂಗು ಕೂರಿಸಿ ನೋಡುತ್ತಾರೆ. ಒಂಚೂರೂ ಆಟವಿಲ್ಲ, ಬಿಗಿಯಾಗಿ ಕೂತಿದೆ. "ಸಕ್ಕತ್ ಕಣಮ್ಮ. ಇನ್ನೊಂದು ಶಾಫ್ಟೈತೆ, ಅದುನ್ನೂ ತತ್ತೀನಿ."

"ತತ್ತಾ ಚಿಕ್ಕಬೈರಪ್ಪ," ಎನ್ನುತ್ತಾರೆ ಹಿತ್ತಿಲ ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಬೈರಮ್ಮ. "ಶೆಡ್ಡು ಎಲ್ಲಿಗೂ ಓಗಾಕಿಲ್ಲ. ಮುನೀಂದ್ರುಂಗೆ ನಾನೇ ಏಳ್ತೀನಿ."

ವೇಣಿಯ ಮುಖ ಒಮ್ಮೆ ಕೆಂಪೇರಿ, ಕಣ್ಣು ತುಂಬುತ್ತದೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ.

"ಇಷ್ಟು ದಿನ ಅತ್ತೆಯವ್ರು ದೊಡ್ಡ ಮಗನ ಕಡೆ ಅಂತ ಅನ್ಕೊಂಡು ಮಾತೇ ಬಿಟ್ಟಿದ್ದೆ ಸಾರ್. ಇನ್ಮೇಲೆ ಶುಕ್ರವಾರ ಅವ್ರೇ ಕುಂಕುಮ ಇಡ್ಲಿ. ಒರೆಸ್ಕೊಳ್ಳೋಕೆ ನಾನಿದೀನಿ."